ಮಗಳು ಓದುವ ಊರಿನಲ್ಲಿ ಒಂದು ಫ್ಲ್ಯಾಟ್: ಕೊಳ್ಳೋಣವೇ, ಬೇಡವೇ?



ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಅಕ್ಕನವರು ಮಗಳಿಗೋಸ್ಕರ ನಾಟಿಂಗ್‌ಹ್ಯಾಮ್‌ನಲ್ಲಿ ಫ್ಲ್ಯಾಟ್ ತೊಗೊಂಡ್ರಂತೆ, ಹೌದಾ?" ತೊಗೊಳ್ಳಲಿಲ್ಲ. ಆದರೆ ತೊಗೊಳ್ಳುವ ಹತ್ತಿರಕ್ಕೆ ಬಂದಿದ್ದರು. ಯಾಕೆ ಬಂದರು, ಯಾಕೆ ನಿಂತರು ಅನ್ನುವುದನ್ನು ಒಂದು ಕೈಯಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ವಿವರಿಸುವುದು ಕಷ್ಟವಾಯಿತು. ಪಕ್ಕದಲ್ಲೇ ಇದ್ದ ನಮ್ಮ ಸಂಪಾದಕರು "ಹಾಗಾದ್ರೆ ಬರೆದೇ ಕೊಡಿ" ಅಂದುಬಿಟ್ಟರು. ಅಕ್ಕ ಮತ್ತು ಭಾವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಫ್ಟ್‌ವೇರ್‌ನವನು. ಅಕೌಂಟೆಂಟ್ ಅಲ್ಲ, ವಕೀಲನೂ ಅಲ್ಲ. ಇಲ್ಲಿರುವ ನಿಯಮಗಳು ಇಂಗ್ಲೆಂಡಿನವು. ಮಕ್ಕಳು ಎಡಿನ್‌ಬರೋದಲ್ಲೋ ಕಾರ್ಡಿಫ್‌ನಲ್ಲೋ ಓದುತ್ತಿದ್ದರೆ ಅಲ್ಲಿ ತೆರಿಗೆಯ ಹೆಸರೂ ಬೇರೆ, ದರವೂ ಬೇರೆ. ಸಹಿ ಹಾಕುವ ಮುಂಚೆ ಬಲ್ಲವರನ್ನು ದುಡ್ಡು ಕೊಟ್ಟು ಕೇಳಿ.

ಕಥೆ ಶುರುವಾದದ್ದು 2025ರ ಆಗಸ್ಟಿನಲ್ಲಿ, ಎ-ಲೆವೆಲ್ ಫಲಿತಾಂಶ ಬಂದ ವಾರ. ಅಕ್ಕನ ಮಗಳಿಗೆ ನಾಟಿಂಗ್‌ಹ್ಯಾಮ್‌ನಲ್ಲಿ ಮೂರು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತು. ಮನೆಯಲ್ಲಿ ಪಾಯಸ ಆಯಿತು, ಊರಿಗೆಲ್ಲ ಫೋನ್ ಆಯಿತು. ಮೂರನೆಯ ದಿನ ಭಾವ ಹಾಸ್ಟೆಲಿನ ಬಿಲ್ಲು ನೋಡಿದರು. ವಾರಕ್ಕೆ 170 ಪೌಂಡ್, 44 ವಾರ. ವರ್ಷಕ್ಕೆ 7,480. ಮೂರು ವರ್ಷಕ್ಕೆ 22,440 ಪೌಂಡ್! "ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂದರು ಭಾವ. ಅವತ್ತು ರಾತ್ರಿಯೇ ರೈಟ್‌ಮೂವ್ ತೆರೆದು ಕೂತರು. ಬೀಸ್ಟನ್‌ನಲ್ಲಿ, ಟ್ರ್ಯಾಮ್ ಸ್ಟಾಪಿನ ಹತ್ತಿರ, ಎರಡು ಬೆಡ್‌ರೂಮಿನ ಫ್ಲ್ಯಾಟ್, 1,80,000 ಪೌಂಡ್. ಟ್ರ್ಯಾಮ್ ಹತ್ತಿದರೆ ಕ್ಯಾಂಪಸ್ ಬಾಗಿಲಿಗೇ ಇಳಿಯಬಹುದು. ಒಂದು ರೂಮಿನಲ್ಲಿ ಮಗಳು, ಇನ್ನೊಂದರಲ್ಲಿ ಅವಳ ಗೆಳತಿ, ಗೆಳತಿಯಿಂದ ಬಾಡಿಗೆ. ಮೂರು ವರ್ಷದ ನಂತರ ಲಾಭಕ್ಕೆ ಮಾರಾಟ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ.

ಭಾವನ ಹತ್ತಿರ ಇದ್ದದ್ದು ಸುಮಾರು 80,000 ಪೌಂಡ್. ಅದರಲ್ಲಿ ಅರ್ಧ ಇಲ್ಲಿ ಇಪ್ಪತ್ತು ವರ್ಷ ದುಡಿದು ಉಳಿಸಿದ್ದು. ಇನ್ನರ್ಧ ಮೈಸೂರಿನ ವಿಜಯನಗರದಲ್ಲಿದ್ದ ಮೂವತ್ತು ನಲವತ್ತರ ಸೈಟು ಮಾರಿ ಬಂದದ್ದು. ನಿವೃತ್ತಿಯಾದ ಮೇಲೆ ಅಲ್ಲೊಂದು ಮನೆ ಕಟ್ಟಬೇಕು ಅನ್ನುತ್ತಿದ್ದ ಸೈಟು ಅದು. ಹೀಗಾಗಿ ಇದು ಬರೀ ದುಡ್ಡಲ್ಲ, ಒಂದು ಕನಸನ್ನು ಮಾರಿ ಬಂದ ದುಡ್ಡು. ಅಕ್ಕ ನನಗೆ ಫೋನ್ ಮಾಡಿದಾಗ ಅವಳ ಧ್ವನಿಯಲ್ಲೇ ಅದು ಗೊತ್ತಾಗುತ್ತಿತ್ತು. "ನಿನಗೆ ಎಕ್ಸೆಲ್ ಬರುತ್ತಲ್ಲೋ, ಒಂದು ಲೆಕ್ಕ ಹಾಕಿ ನಿಮ್ಮ ಭಾವಂಗೆ ತೋರಿಸೋ. ಬೇಡ ಅಂತ ಹೇಳು ಅಂತಿಲ್ಲ. ಲೆಕ್ಕ ತೋರಿಸು ಸಾಕು."

ಸರಿ, ಲೆಕ್ಕ ಹಾಕಿದೆ. ಎರಡು ರಾತ್ರಿ ಹಿಡಿಯಿತು.

ಮೊದಲು ಒಳಗೆ ಹೋಗುವ ಖರ್ಚು. ಅಪ್ಪ ಅಮ್ಮನಿಗೆ ಈಗಾಗಲೇ ಸ್ವಂತ ಮನೆ ಇದೆ. ಆದ್ದರಿಂದ ಈ ಫ್ಲ್ಯಾಟ್ ಅವರ ಹೆಸರಿನಲ್ಲಿ ಕೊಂಡರೆ ಅದು ಎರಡನೆಯ ಆಸ್ತಿ. ಸಾಮಾನ್ಯ ಸ್ಟ್ಯಾಂಪ್ ಡ್ಯೂಟಿಯ ಮೇಲೆ ಎರಡನೆಯ ಆಸ್ತಿಗೆ ಹೆಚ್ಚುವರಿ ತೆರಿಗೆ ಉಂಟು. 2016ರಲ್ಲಿ ಶೇಕಡಾ 3 ಅಂತ ಶುರುವಾದದ್ದು 2024ರ ಅಕ್ಟೋಬರ್ 31ರಿಂದ ಶೇಕಡಾ 5 ಆಗಿದೆ. ಇದು ಪೂರ್ತಿ ಬೆಲೆಯ ಮೇಲೆ. 1,80,000ಕ್ಕೆ 9,000 ಪೌಂಡ್. ಮಾಮೂಲಿ ಡ್ಯೂಟಿ ಮೊದಲ 1,25,000ಕ್ಕೆ ಇಲ್ಲ, ಉಳಿದ 55,000ಕ್ಕೆ ಶೇಕಡಾ 2ರಂತೆ 1,100. ಒಟ್ಟು 10,100 ಪೌಂಡ್. ಬೀಗದ ಕೈ ಸಿಗುವ ಮುಂಚೆಯೇ ಒಂದೂವರೆ ವರ್ಷದ ಹಾಸ್ಟೆಲ್ ಬಾಡಿಗೆಗೆ ಹತ್ತಿರ ಬರುವಷ್ಟು ಹಣ ಸರ್ಕಾರಕ್ಕೆ ಹೋಯಿತು! ವಕೀಲರು, ಸರ್ವೇ, ಬ್ಯಾಂಕಿನ ಫೀಸು ಸೇರಿ 3,500 ಅಂದುಕೊಳ್ಳಿ. ಮಂಚ, ಸೋಫಾ, ವಾಷಿಂಗ್ ಮೆಷಿನ್ ಇತ್ಯಾದಿಗೆ 2,500.

ಹೊರಗೆ ಬರುವ ಖರ್ಚೂ ಇದೆ. ಮಾರುವಾಗ ಏಜೆಂಟಿಗೆ ಶೇಕಡಾ ಒಂದೂವರೆ ಮತ್ತು ಅದರ ಮೇಲೆ ವ್ಯಾಟ್, ಸುಮಾರು 3,240. ವಕೀಲರಿಗೆ 1,500. ಹೋಗಿ ಬರುವ ಖರ್ಚೆಲ್ಲ ಕೂಡಿಸಿದರೆ 20,840 ಪೌಂಡ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಇದರ ಹತ್ತಿರ ಮತ್ತೆ ಬರುತ್ತೇನೆ.

ಇನ್ನು ಒಳಗೆ ಇರುವ ಖರ್ಚು. 60,000 ಡಿಪಾಸಿಟ್, 1,20,000 ಸಾಲ. ಬಡ್ಡಿ ಶೇಕಡಾ 5 ಹಿಡಿದರೆ ವರ್ಷಕ್ಕೆ 6,000, ಮೂರು ವರ್ಷಕ್ಕೆ 18,000. ಸರ್ವಿಸ್ ಚಾರ್ಜ್, ಗ್ರೌಂಡ್ ರೆಂಟ್, ವಿಮೆ ಸೇರಿ ವರ್ಷಕ್ಕೆ 2,300, ಮೂರು ವರ್ಷಕ್ಕೆ 6,900. ರಿಪೇರಿಗೆ 1,500. ಹಾಸ್ಟೆಲಿನ ಬಾಡಿಗೆಯಲ್ಲಿ ಕರೆಂಟು, ಗ್ಯಾಸು, ಇಂಟರ್ನೆಟ್ಟು ಸಾಮಾನ್ಯವಾಗಿ ಸೇರಿರುತ್ತದೆ. ಫ್ಲ್ಯಾಟಿನಲ್ಲಿ ಅದು ಬೇರೆ, ಮಗಳ ಪಾಲಿಗೆ 2,000. ಎಲ್ಲರೂ ಮರೆಯುವ ಇನ್ನೊಂದು ಬಾಬತ್ತು ಇದೆ. ಮೊದಲೇ ಕೈಬಿಟ್ಟ 76,000 ಪೌಂಡ್ ಸುಮ್ಮನೆ ಬ್ಯಾಂಕಿನಲ್ಲಿದ್ದರೂ ಶೇಕಡಾ 4ರಂತೆ ಮೂರು ವರ್ಷಕ್ಕೆ ಸುಮಾರು 9,100 ತರುತ್ತಿತ್ತು. ಅದೂ ಖರ್ಚೇ. ಒಟ್ಟು 37,500.

ಬರುವುದು ಎಷ್ಟು? ಹಾಸ್ಟೆಲಿಗೆ ಕೊಡಬೇಕಿದ್ದ 22,440 ಉಳಿಯಿತು. ಗೆಳತಿಯ ರೂಮಿಗೆ ತಿಂಗಳಿಗೆ 550, ವರ್ಷಕ್ಕೆ ಹನ್ನೊಂದು ತಿಂಗಳು, ಮೂರು ವರ್ಷಕ್ಕೆ 18,150. ಅದಕ್ಕೆ ಆದಾಯ ತೆರಿಗೆ ಇದೆ. ಭಾವ ಶೇಕಡಾ 40ರ ದರದಲ್ಲಿರುವವರು. ಮೊದಲಾದರೆ ಸಾಲದ ಬಡ್ಡಿಯನ್ನು ಬಾಡಿಗೆಯಿಂದ ಪೂರ್ತಿ ಕಳೆಯಬಹುದಿತ್ತು. 2017ರಿಂದ ಹಂತಹಂತವಾಗಿ ಅದನ್ನು ತೆಗೆದು, 2020ರಿಂದ ಬಡ್ಡಿಯ ಶೇಕಡಾ 20ರಷ್ಟು ಮಾತ್ರ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಹಾಗೆ ಮಾಡಿದ್ದಾರೆ. ತೆರಿಗೆ ಕಳೆದು ಕೈಗೆ ಉಳಿಯುವುದು ಸುಮಾರು 14,370. ಹಾಸ್ಟೆಲಿನ ಉಳಿತಾಯ ಸೇರಿ ಒಟ್ಟು 36,810.

37,500 ಖರ್ಚು, 36,810 ಬರವು. ನೋಡಿದಿರಾ? ಫ್ಲ್ಯಾಟಿನಲ್ಲಿ ಇರುವಷ್ಟು ದಿನ ಹೆಚ್ಚು ಕಡಿಮೆ ಸರಿಸಮ. ನನಗೂ ಇದು ಆಶ್ಚರ್ಯವೇ ಆಯಿತು, ಫಾರ್ಮುಲಾ ತಪ್ಪಿದೆಯೇನೋ ಎಂದು ಮತ್ತೊಮ್ಮೆ ನೋಡಿದೆ. ಹಾಗಾದರೆ ನಷ್ಟ ಎಲ್ಲಿ? ಬಾಗಿಲಲ್ಲಿ! ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಕೊಡುವ ಆ 20,840 ಪೌಂಡೇ ನಷ್ಟ. ಅದನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 7,000 ಹತ್ತಿರ, ಅಂದರೆ ಭಾವ ಉಳಿಸಲು ಹೊರಟ ಹಾಸ್ಟೆಲ್ ಬಾಡಿಗೆಯಷ್ಟೇ. ಹತ್ತು ವರ್ಷಕ್ಕೆ ಹಂಚಿದರೆ 2,000 ಚಿಲ್ಲರೆ. ಹುಡುಗಿ ಮೂರು ವರ್ಷ ಓದುತ್ತಾಳೆ ಅಂತ ಮೂರು ವರ್ಷಕ್ಕೆ ಆಸ್ತಿ ಕೊಳ್ಳುವುದೇ ಲೆಕ್ಕದ ಮೂಲ ದೋಷ. ಈ ನಷ್ಟ ತುಂಬಬೇಕಾದರೆ ಫ್ಲ್ಯಾಟಿನ ಬೆಲೆ ಮೂರು ವರ್ಷದಲ್ಲಿ ಶೇಕಡಾ 12 ಏರಬೇಕು, ವರ್ಷಕ್ಕೆ ಶೇಕಡಾ 4ರ ಹತ್ತಿರ. ಏರಬಹುದು. ಏರದೆಯೂ ಇರಬಹುದು. ಏರಿದರೂ ಅಲ್ಲಿಗೆ ಅಸಲು ಸಿಕ್ಕಿತು ಅಷ್ಟೆ, ಲಾಭ ಇನ್ನೂ ಶುರುವಾಗಿಲ್ಲ.

ನಿಮ್ಮ ಊರಿನ ಬೆಲೆ, ಬಾಡಿಗೆ, ಬಡ್ಡಿ ಬೇರೆ ಇರುತ್ತವೆ. ನನ್ನ ಸಂಖ್ಯೆಗಳನ್ನು ನಂಬಬೇಡಿ, ನಿಮ್ಮವನ್ನು ಹಾಕಿ ನೋಡಿ. ಆದರೆ ಬಾಗಿಲ ಖರ್ಚನ್ನು ಬೇರೆ ಕಾಲಮ್ಮಿನಲ್ಲಿ ಇಡಿ. ಅದನ್ನು ಉಳಿದದ್ದರ ಜೊತೆ ಕಲಸಿಬಿಟ್ಟರೆ ಏನೂ ಕಾಣುವುದಿಲ್ಲ.

ಭಾವ ಶೀಟನ್ನು ಹತ್ತು ನಿಮಿಷ ನೋಡಿದರು. ಆಮೇಲೆ, "ಸರಿ ಕಣಪ್ಪಾ, ಮಗಳ ಹೆಸರಿಗೇ ಮಾಡಿಸಿದರೆ?" ಅಂದರು. ಒಳ್ಳೆಯ ಪ್ರಶ್ನೆ. ಬಹಳ ಜನ ಇದನ್ನೇ ಮಾಡುತ್ತಾರೆ.

ಮಗಳಿಗೆ 18 ತುಂಬಿರಬೇಕು, ಅದಕ್ಕಿಂತ ಚಿಕ್ಕವರ ಹೆಸರಿನಲ್ಲಿ ಇಲ್ಲಿ ಆಸ್ತಿ ನೋಂದಾಯಿಸಲು ಬರುವುದಿಲ್ಲ. ಅವಳೊಬ್ಬಳೇ ಮಾಲೀಕಳಾದರೆ ಅವಳು ಮೊದಲ ಬಾರಿ ಮನೆ ಕೊಳ್ಳುವವಳು. 3,00,000 ಪೌಂಡಿನವರೆಗೆ ಸ್ಟ್ಯಾಂಪ್ ಡ್ಯೂಟಿ ಸೊನ್ನೆ. ಆ 10,100 ಪೂರ್ತಿ ಉಳಿಯಿತು. ಅವಳೇ ಅಲ್ಲಿ ವಾಸ ಮಾಡುತ್ತ ಗೆಳತಿಗೆ ರೂಮು ಕೊಟ್ಟರೆ 'ರೆಂಟ್ ಎ ರೂಮ್' ಅನ್ನುವ ಯೋಜನೆಯಲ್ಲಿ ವರ್ಷಕ್ಕೆ 7,500 ಪೌಂಡಿನವರೆಗೆ ಬಾಡಿಗೆಗೆ ತೆರಿಗೆಯೇ ಇಲ್ಲ. ನಮ್ಮ ಲೆಕ್ಕದ ಬಾಡಿಗೆ 6,050, ಒಳಗೇ ಬಂತು. ಮಾರುವಾಗಲೂ ಅದು ಅವಳ ವಾಸದ ಮನೆಯಾದ್ದರಿಂದ ಲಾಭದ ಮೇಲೆ ಸಾಮಾನ್ಯವಾಗಿ ತೆರಿಗೆ ಬರುವುದಿಲ್ಲ. ಅಪ್ಪ ಅಮ್ಮನ ಹೆಸರಿನಲ್ಲಾದರೆ ಲಾಭದ ಮೇಲೆ ಶೇಕಡಾ 18 ಅಥವಾ 24 ಕಟ್ಟಬೇಕು, ಅದೂ ಮಾರಾಟವಾದ 60 ದಿನದೊಳಗೆ. ಇಷ್ಟೆಲ್ಲ ಹಾಕಿದ ಮೇಲೆ 21,500 ಇದ್ದ ಕೊರತೆ 7,650ಕ್ಕೆ ಇಳಿಯಿತು. ಬೆಲೆ ಮೂರು ವರ್ಷದಲ್ಲಿ ಶೇಕಡಾ ನಾಲ್ಕೂಕಾಲು ಏರಿದರೆ ಸಾಕು. ಭಾವನ ಮುಖ ಅರಳಿತು. ನಿಜ ಹೇಳಬೇಕೆಂದರೆ ನನ್ನದೂ.

ಆದರೆ ಬ್ಯಾಂಕಿನವರು ಸಂಬಳವಿಲ್ಲದ 18 ವರ್ಷದ ಹುಡುಗಿಗೆ 1,20,000 ಸಾಲ ಕೊಡುತ್ತಾರೆಯೇ? ದಾರಿ ಇದೆ. ಸಾಲದಲ್ಲಿ ಅಪ್ಪ ಮಗಳು ಇಬ್ಬರೂ ಹೊಣೆ, ಮಾಲೀಕತ್ವದಲ್ಲಿ ಮಗಳು ಮಾತ್ರ ಅನ್ನುವ ರೀತಿಯ ಸಾಲ ಕೆಲವು ಬ್ಯಾಂಕುಗಳಲ್ಲಿ ಸಿಗುತ್ತದೆ. ಬಿಡಿಸಿ ಹೇಳಿದರೆ: ಡಿಪಾಸಿಟ್ ನಿಮ್ಮದು, ಕಂತು ನಿಮ್ಮದು, ಕಂತು ತಪ್ಪಿದರೆ ಹೊಣೆ ನಿಮ್ಮದು, ಮನೆ ಅವಳದು. "ಹೆಸರಿಗೆ ಅವಳದು, ಆದರೆ ನಿಜವಾಗಿ ನಮ್ಮದು" ಅಂತ ಒಂದು ಪತ್ರ ಬರೆಸಿಕೊಳ್ಳೋಣ ಅನ್ನುತ್ತೀರಾ? ಹಾಗೆ ಬರೆದರೆ ಕಾನೂನಿನ ಕಣ್ಣಿಗೆ ನೀವೇ ಕೊಂಡವರು, ಶೇಕಡಾ 5ರ ತೆರಿಗೆ ವಾಪಸ್ ಬಂತು. ಡಿಪಾಸಿಟ್ಟನ್ನು ಸಾಲ ಅಂತ ಕೊಡೋಣ ಅಂದರೆ, ಇದು ಸಾಲವಲ್ಲ, ಉಡುಗೊರೆ, ವಾಪಸ್ ಕೇಳುವುದಿಲ್ಲ ಅಂತ ಬ್ಯಾಂಕೇ ಸಾಮಾನ್ಯವಾಗಿ ನಿಮ್ಮಿಂದ ಬರೆಸಿಕೊಳ್ಳುತ್ತದೆ. ಅಂದರೆ ಮೈಸೂರಿನ ಸೈಟು ಹದಿನೆಂಟು ವರ್ಷದ ಹುಡುಗಿಗೆ ಉಡುಗೊರೆ ಆಯಿತು. ಅವಳು ನಾಳೆ ಮದುವೆಯಾಗಬಹುದು, ಆ ಮದುವೆ ಮುರಿಯಲೂಬಹುದು. ಆಗ ಆ ಫ್ಲ್ಯಾಟ್ ಅವಳ ಆಸ್ತಿ ಎಂದೇ ಲೆಕ್ಕಕ್ಕೆ ಬರುತ್ತದೆ. ಉಡುಗೊರೆ ಕೊಟ್ಟವರು ಏಳು ವರ್ಷದೊಳಗೆ ತೀರಿಕೊಂಡರೆ ಆ ಹಣ ವಾರಸಾ ತೆರಿಗೆಯ ಲೆಕ್ಕಕ್ಕೂ ಸೇರಬಹುದು. ಇನ್ನೊಂದು, ಮೊದಲ ಮನೆಯ ರಿಯಾಯಿತಿ ಜೀವನದಲ್ಲಿ ಒಂದೇ ಸಲ. ಹದಿನೆಂಟಕ್ಕೆ ನಾಟಿಂಗ್‌ಹ್ಯಾಮ್‌ನಲ್ಲಿ ಖರ್ಚು ಮಾಡಿಕೊಂಡರೆ, ಇಪ್ಪತ್ತೆಂಟಕ್ಕೆ ಲಂಡನ್ನಿನಲ್ಲಿ ನಿಜವಾಗಿ ಮನೆ ಕೊಳ್ಳುವಾಗ ಅದು ಇರುವುದಿಲ್ಲ.

ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕ ಅಡುಗೆಮನೆಯಿಂದ ಬಂದು ಒಂದೇ ಮಾತು ಕೇಳಿದಳು. "ಎಲ್ಲಾ ಇವಳ ಹೆಸರಿಗೆ ಬರೆದರೆ ಚಿಕ್ಕವನಿಗೆ ಏನು?" ಅಳಿಯನಿಗೆ ಹದಿಮೂರು ವರ್ಷ. ಪಕ್ಕದ ರೂಮಿನಲ್ಲಿ ಗೇಮ್ ಆಡುತ್ತಿದ್ದ. ನನ್ನ ಎಕ್ಸೆಲ್‌ನಲ್ಲಿ ಅವನಿಗೆ ಕಾಲಮ್ಮೇ ಇರಲಿಲ್ಲ. ಭಾವನೂ ಸುಮ್ಮನಾದರು, ನಾನೂ ಸುಮ್ಮನಾದೆ.

ಇಬ್ಬರ ಹೆಸರಲ್ಲೂ ಜಂಟಿಯಾಗಿ ಮಾಡಿಸೋಣ ಅನ್ನುವವರಿಗೆ ಒಂದು ಮಾತು. ಕೊಳ್ಳುವವರಲ್ಲಿ ಒಬ್ಬರಿಗೆ ಬೇರೆ ಮನೆ ಇದ್ದರೂ ಪೂರ್ತಿ ಬೆಲೆಗೆ ಹೆಚ್ಚುವರಿ ತೆರಿಗೆ ಬೀಳುತ್ತದೆ. ಮಗಳ ಮೊದಲ ಮನೆಯ ರಿಯಾಯಿತಿಯೂ ಹೋಗುತ್ತದೆ. ಎರಡೂ ಕಡೆಯ ನಷ್ಟ.

ಅಪ್ಪ ಅಮ್ಮನ ಹೆಸರಿನಲ್ಲೇ ಬಾಡಿಗೆ ಮನೆಯ ಸಾಲ ತೆಗೆದರೆ ಅದರಲ್ಲೂ ಕೊಕ್ಕೆ ಇದೆ. ಅಂಥ ಸಾಲ ಕೊಡುವ ಬಹಳಷ್ಟು ಬ್ಯಾಂಕುಗಳು ಮನೆಯವರೇ ಅಲ್ಲಿ ವಾಸ ಮಾಡುವುದನ್ನು ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಬೇಕು. ಬಡ್ಡಿಯನ್ನು ಐದು ವರ್ಷಕ್ಕೆ ಕಟ್ಟಿಹಾಕಿ ಮೂರನೆಯ ವರ್ಷ ಮಾರಿದರೆ ದಂಡ. ಇನ್ನು ಗೆಳತಿಯ ವಿಷಯ. ಮಗಳೇ ಮಾಲೀಕಳಾಗಿ ಜೊತೆಯಲ್ಲಿದ್ದರೆ ಗೆಳತಿ ಬರೀ ಲಾಡ್ಜರ್, ಸಾಮಾನ್ಯ ನೋಟಿಸು ಸಾಕು. ಮಾಲೀಕರು ಅಪ್ಪ ಅಮ್ಮ ಆದರೆ ಗೆಳತಿ ಬಾಡಿಗೆದಾರಳಾಗುತ್ತಾಳೆ. 2025ರ ರೆಂಟರ್ಸ್ ರೈಟ್ಸ್ ಕಾಯ್ದೆಯ ಪ್ರಕಾರ 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಹನ್ನೊಂದು ತಿಂಗಳು, ಒಂದು ವರ್ಷ ಅಂತ ಅವಧಿ ಕಟ್ಟಿದ ಬಾಡಿಗೆ ಕರಾರು ಇಲ್ಲ. ಅವಳು ಎರಡು ತಿಂಗಳ ನೋಟಿಸು ಕೊಟ್ಟು ಯಾವಾಗ ಬೇಕಾದರೂ ಹೋಗಬಹುದು. ನೀವು ಹೋಗು ಅನ್ನಬೇಕಾದರೆ ಕಾನೂನು ಒಪ್ಪುವ ಕಾರಣ ಬೇಕು. ಇಬ್ಬರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ಒಬ್ಬಳು ಓದು ಬಿಟ್ಟು ಕೆಲಸಕ್ಕೆ ಸೇರಿದಳೋ, ಬಿಲ್ಲು ಬರುತ್ತದೆ. ಮೂರು ಬೆಡ್‌ರೂಮಿನ ಮನೆ ಕೊಂಡು ಮೂವರನ್ನು ಇಟ್ಟರೆ ಕೌನ್ಸಿಲ್ಲಿನ ಲೈಸೆನ್ಸಿನ ಪ್ರಶ್ನೆಯೂ ಏಳಬಹುದು. ವಿದ್ಯಾರ್ಥಿಗಳು ಹೆಚ್ಚಿರುವ ಊರುಗಳಲ್ಲಿ ಕೌನ್ಸಿಲ್ಲುಗಳು ಈ ವಿಷಯದಲ್ಲಿ ಬಿಗಿ.

ಇನ್ನು ಲೀಸ್ ಅನ್ನುವ ಪದ. ಬೆಂಗಳೂರಿನವರಿಗೆ ಲೀಸ್ ಅಂದರೆ ಮಾಲೀಕರಿಗೆ ಹತ್ತು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದು, ಹೊರಡುವಾಗ ಹತ್ತು ಲಕ್ಷ ವಾಪಸ್ ಇಸ್ಕೊಂಡು ಬರುವುದು. ಇಲ್ಲಿ ಅದಲ್ಲ. ಇಂಗ್ಲೆಂಡಿನ ಫ್ಲ್ಯಾಟುಗಳು ಬಹುಪಾಲು ಲೀಸ್‌ಹೋಲ್ಡ್. ನೀವು ಕೊಳ್ಳುವುದು ಇಂತಿಷ್ಟು ವರ್ಷ ಅಲ್ಲಿ ಇರುವ ಹಕ್ಕು, ನೆಲ ಬೇರೆಯವರದು. 125 ವರ್ಷದ ಲೀಸಿನಲ್ಲಿ 78 ಉಳಿದಿದ್ದರೆ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಕಡಿಮೆಗೆ ಯಾಕೆ ಸಿಗುತ್ತಿದೆ ಅಂತ ಕೇಳಿ. ವರ್ಷಗಳು ಇಳಿದಂತೆ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ, ಲೀಸ್ ವಿಸ್ತರಿಸುವ ಖರ್ಚು ಏರುತ್ತದೆ. 2022ರ ಜೂನ್ 30ರ ನಂತರ ಬರೆದ ಹೊಸ ಲೀಸುಗಳಲ್ಲಿ ಸಾಮಾನ್ಯವಾಗಿ ಗ್ರೌಂಡ್ ರೆಂಟ್ ಕೇಳುವ ಹಾಗಿಲ್ಲ, ಹಳೆಯವುಗಳಲ್ಲಿ ಅದು ಹತ್ತು ವರ್ಷಕ್ಕೊಮ್ಮೆ ಏರುವ ಷರತ್ತೂ ಇರಬಹುದು. ಸರ್ವಿಸ್ ಚಾರ್ಜಿನ ಹಿಂದಿನ ಮೂರು ವರ್ಷದ ಲೆಕ್ಕ ತರಿಸಿ ಓದಿ. ಲಿಫ್ಟು, ಮಾಡು ರಿಪೇರಿಗೆ ದೊಡ್ಡ ಕೆಲಸ ಬರಲಿದೆಯೇ ಅಂತ ಬರವಣಿಗೆಯಲ್ಲಿ ಕೇಳಿ.

ಎಲ್ಲಕ್ಕಿಂತ ದೊಡ್ಡದು ಗೋಡೆ. ಹೌದು, ಹೊರಗೋಡೆ. ನಮ್ಮ ಪರಿಚಯದ ಹಿರಿಯರೊಬ್ಬರು 2016ರಲ್ಲಿ ಮಗನಿಗಾಗಿ ಉತ್ತರದ ಒಂದು ಊರಿನಲ್ಲಿ ಆರನೆಯ ಮಹಡಿಯ ಹೊಸ ಫ್ಲ್ಯಾಟ್ ಕೊಂಡರು. 2017ರ ಜೂನಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಬೆಂಕಿ ಬಿದ್ದು 72 ಜನ ಸತ್ತರು, ಕಟ್ಟಡದ ಹೊರಗೆ ಹೊದಿಸಿದ್ದ ಕ್ಲ್ಯಾಡಿಂಗ್ ಉರಿಯನ್ನು ಮೇಲೇರಿಸಿತ್ತು. ಅದಾದ ಮೇಲೆ ದೇಶದಲ್ಲೆಲ್ಲ ಎತ್ತರದ ಕಟ್ಟಡಗಳ ಗೋಡೆ ಪರೀಕ್ಷೆ ಶುರುವಾಯಿತು. 2019ರ ಕೊನೆಯಲ್ಲಿ ಇ.ಡಬ್ಲ್ಯು.ಎಸ್.1 ಅನ್ನುವ ಫಾರಂ ಬಂತು. ಆ ಫಾರಂ ಇಲ್ಲದ ಕಟ್ಟಡಗಳಿಗೆ ಬ್ಯಾಂಕುಗಳು ಸಾಲ ನಿಲ್ಲಿಸಿದವು. ಸಾಲ ಸಿಗದ ಫ್ಲ್ಯಾಟನ್ನು ಕೊಳ್ಳುವವರು ಯಾರು? ಅವರ ಮಗ 2019ರಲ್ಲೇ ಓದು ಮುಗಿಸಿ ಲಂಡನ್ನಿಗೆ ಕೆಲಸಕ್ಕೆ ಹೋದ. ಫ್ಲ್ಯಾಟ್ ಮಾರಲು ಆದದ್ದು 2023ರಲ್ಲಿ, ಕೊಂಡದ್ದಕ್ಕಿಂತ ಕಡಿಮೆಗೆ. ಮಧ್ಯದ ವರ್ಷಗಳಲ್ಲಿ ರಾತ್ರಿ ಕಾವಲಿನವರ ಸಂಬಳ ಅಂತ ಸರ್ವಿಸ್ ಚಾರ್ಜು ಏರುತ್ತಲೇ ಹೋಯಿತು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇಲ್ಲಿ ಮನೆ ಮಾರಿ ನೋಡಬೇಕು" ಅಂತ ಅವರು ನಗುತ್ತಲೇ ಹೇಳುತ್ತಾರೆ. ಆದರೆ ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಅದು ಅನ್ನುವುದು ನಮಗೆಲ್ಲ ಗೊತ್ತು. ಮೂರು ವರ್ಷಕ್ಕೆ ಅಂತ ಕೊಂಡದ್ದು ಏಳು ವರ್ಷ ಹಿಡಿಯಿತು. ಹೊರಗೆ ಬರುವ ದಿನವನ್ನು ನಾವೇ ತೀರ್ಮಾನಿಸುತ್ತೇವೆ ಅನ್ನುವ ನಂಬಿಕೆ ನನ್ನ ಎಕ್ಸೆಲ್‌ನಲ್ಲೂ ಇತ್ತು. ಈಗ ಶೀಟಿನಲ್ಲಿ 'ಎರಡು ವರ್ಷ ಮಾರಾಟವಾಗದಿದ್ದರೆ' ಅನ್ನುವ ಸಾಲು ಸೇರಿಸಿದ್ದೇನೆ.

ಹಬ್ಬದ ಕಾರ್ಯಕ್ರಮಗಳಲ್ಲಿ ಬರುವ ಬಣ್ಣಬಣ್ಣದ ಕರಪತ್ರಗಳ ಬಗ್ಗೆಯೂ ಒಂದು ಮಾತು. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ಕಟ್ಟಡದಲ್ಲಿ ಒಂದು ರೂಮು, 60,000 ಪೌಂಡ್, ವರ್ಷಕ್ಕೆ ಶೇಕಡಾ 8 ಗ್ಯಾರಂಟಿ ಅಂತ ಇರುತ್ತದೆ. ಅದು ಫ್ಲ್ಯಾಟ್ ಅಲ್ಲ, ರೂಮು. ಸಾಮಾನ್ಯ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದು ಅಪರೂಪ. ಹಾಗಾಗಿ ಮರುಮಾರಾಟಕ್ಕೆ ನಗದು ಇರುವವರೇ ಬೇಕು. ಗ್ಯಾರಂಟಿ ಕೊಟ್ಟ ಕಂಪನಿ ಮುಳುಗಿದರೆ ಗ್ಯಾರಂಟಿಯೂ ಮುಳುಗಿತು. ಕಟ್ಟಡ ಏಳುವ ಮುಂಚೆಯೇ ಹಣ ಕೊಟ್ಟು ಕಳೆದುಕೊಂಡವರು ಈ ದೇಶದಲ್ಲಿ ಇದ್ದಾರೆ. ಇದನ್ನೇ ಬೆಂಗಳೂರಿನ ಹೋಟೆಲುಗಳಲ್ಲಿ ವಾರಾಂತ್ಯದ ಪ್ರದರ್ಶನ ಇಟ್ಟು ಮಾರುತ್ತಾರೆ. ಊರಿನ ನೆಂಟರು ಕೇಳಿದರೆ ಅವರಿಗೆ ಹೇಳಿ: ಈ ದೇಶದಲ್ಲಿ ವಾಸವಿಲ್ಲದವರು ಇಂಗ್ಲೆಂಡಿನಲ್ಲಿ ವಾಸದ ಫ್ಲ್ಯಾಟ್ ಅಥವಾ ಮನೆ ಕೊಂಡರೆ 2021ರ ಏಪ್ರಿಲ್‌ನಿಂದ ಇನ್ನೂ ಶೇಕಡಾ 2 ಹೆಚ್ಚು ಡ್ಯೂಟಿ. ಭಾರತದಿಂದ ಕಳಿಸಲು ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ.

ಊರಿನ ಸೈಟು ಮಾರಿದ ಹಣ ತರುವವರಿಗೆ ಭಾವನ ಅನುಭವ ಉಪಯೋಗಕ್ಕೆ ಬರಬಹುದು. ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನವರೆಗೆ ತರಬಹುದು, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕು. ಅಲ್ಲಿ ತೆರಿಗೆ ಕಟ್ಟಿ ಮುಗಿಯಿತು ಅಂದುಕೊಳ್ಳಬೇಡಿ. ಇಲ್ಲಿನ ನಿವಾಸಿಗಳು ಆ ಲಾಭವನ್ನು ಇಲ್ಲಿಯೂ ತೋರಿಸಬೇಕು, ಅಲ್ಲಿ ಕಟ್ಟಿದ್ದನ್ನು ಕಳೆದುಕೊಳ್ಳಬಹುದು. ಇನ್ನು ಇಲ್ಲಿನ ವಕೀಲರು ಹಣದ ಮೂಲ ತೋರಿಸಿ ಅಂದರು. ಭಾವ ಕ್ರಯಪತ್ರದ ಪ್ರತಿ ಕಳಿಸಿದರು. ಅದು ಕನ್ನಡದಲ್ಲಿತ್ತು! "ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಷ್ಟು" ಅನ್ನುವುದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ದೃಢೀಕರಿಸಿ ಕೊಡುವಷ್ಟರಲ್ಲಿ ಮೂರು ವಾರ ಹೋಯಿತು. ಆ ಮೂರು ವಾರವೇ ನಮಗೆ ಯೋಚಿಸಲು ಸಿಕ್ಕ ಸಮಯ.

ಆ ಸಮಯದಲ್ಲಿ ಯಾರೂ ಕೇಳದಿದ್ದವಳನ್ನು ಕೇಳಿದೆವು. ಒಂದು ಭಾನುವಾರ ದೋಸೆ ತಿನ್ನುತ್ತ ಅಕ್ಕನ ಮಗಳು ಅಂದಳು, "ಮಾಮ, ಫ್ರೆಂಡ್ ಬಾಡಿಗೆ ಕೊಡದಿದ್ರೆ ಅಪ್ಪ ಕೇಳ್ತಾರಾ, ನಾನು ಕೇಳಬೇಕಾ?" ನನಗೆ ಉತ್ತರ ತೋಚಲಿಲ್ಲ. "ಮತ್ತೆ ಮೊದಲನೇ ವರ್ಷ ಎಲ್ರೂ ಹಾಲ್‌ನಲ್ಲಿ ಇರ್ತಾರೆ. ನಾನೊಬ್ಬಳೇ ಬೀಸ್ಟನ್‌ನಲ್ಲಿ ಬಾಯ್ಲರ್ ರಿಪೇರಿಯವನಿಗೆ ಕಾಯ್ತಾ ಕೂತಿರಲಾ? ನಂಗೆ ಇಂಡಸ್ಟ್ರಿ ಪ್ಲೇಸ್‌ಮೆಂಟ್ ಸಿಕ್ಕಿದ್ರೆ ಒಂದು ವರ್ಷ ಬೇರೆ ಊರಿಗೆ ಹೋಗ್ಬೇಕು." ಭಾವ ಏನೋ ಹೇಳಲು ಹೋಗಿ ಸುಮ್ಮನಾದರು. ಸೈಟು ಮಾರಿದ್ದು ತನಗೋಸ್ಕರ ಅನ್ನುವುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಬೇಡ ಅನ್ನಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಅಂತ ಅಕ್ಕ ಆಮೇಲೆ ನನಗೆ ಹೇಳಿದಳು.

ಹಾಗಾದರೆ ಯಾರೂ ಕೊಳ್ಳಲೇಬಾರದೇ? ಹಾಗಲ್ಲ. ಮೆಡಿಸಿನ್ ಓದುವವರಿಗೆ ಐದು ಆರು ವರ್ಷ, ಆಮೇಲೆ ಅದೇ ಸುತ್ತಮುತ್ತ ಕೆಲಸ ಸಿಗುವ ಸಾಧ್ಯತೆಯೂ ಉಂಟು. ಅಕ್ಕ ತಂಗಿ ಒಬ್ಬರ ಹಿಂದೆ ಒಬ್ಬರು ಅದೇ ಊರಿಗೆ ಹೋಗುವುದಾದರೆ ಬಾಗಿಲ ಖರ್ಚು ಎಂಟು ವರ್ಷಕ್ಕೆ ಹಂಚಿಹೋಗುತ್ತದೆ. ನಮ್ಮ ಬಳಗದಲ್ಲೇ ಒಂದು ಕುಟುಂಬ ಹಾಗೆ ಮಾಡಿದೆ, ಫ್ಲ್ಯಾಟ್ ಅಲ್ಲ, ಹಳೆಯ ಟೆರೇಸ್ ಮನೆ, ಫ್ರೀಹೋಲ್ಡ್. ಲೀಸಿನ ತಲೆನೋವೂ ಇಲ್ಲ, ಕ್ಲ್ಯಾಡಿಂಗೂ ಇಲ್ಲ. ಮಕ್ಕಳು ಇಲ್ಲದಿದ್ದರೂ ಈ ಮನೆಯನ್ನು ಹತ್ತು ವರ್ಷ ಬಾಡಿಗೆಗೆ ಕೊಟ್ಟು ಇಟ್ಟುಕೊಳ್ಳುತ್ತಿದ್ದೆವೇ ಅನ್ನುವ ಪ್ರಶ್ನೆಗೆ ಅವರ ಉತ್ತರ ಹೌದು ಅಂತ ಇತ್ತು. ನಮ್ಮ ಭಾವನ ಉತ್ತರ ಇಲ್ಲ ಅಂತ ಇತ್ತು. ಇಬ್ಬರೂ ಸರಿಯೇ.

ಈಗ ಹುಡುಗಿ ಹಾಲ್‌ನಲ್ಲಿದ್ದಾಳೆ. ಮುಂದಿನ ವರ್ಷಕ್ಕೆ ನಾಲ್ವರು ಗೆಳತಿಯರ ಜೊತೆ ಲೆಂಟನ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಭಾವ ತಮ್ಮ ಹಣದ ಒಂದು ಭಾಗವನ್ನು ತಾವೂ ಅಕ್ಕನೂ ವರ್ಷಕ್ಕೆ ತಲಾ 20,000ದಂತೆ ಐಎಸ್‌ಎಗೆ ಹಾಕಿದ್ದಾರೆ, ಉಳಿದದ್ದು ಬ್ಯಾಂಕಿನಲ್ಲಿದೆ. ಹುಡುಗಿಯ ಹಾಲ್ ಬಾಡಿಗೆ ಅದರ ಬಡ್ಡಿಯಿಂದ ಪೂರ್ತಿ ಹೊರಡುವುದಿಲ್ಲ, ಅರ್ಧಕ್ಕಿಂತ ಕಡಿಮೆಯೇ. ಉಳಿದದ್ದನ್ನು ಸಂಬಳದಿಂದ ಕಟ್ಟುತ್ತಿದ್ದಾರೆ, ಪ್ರತಿ ಸಲ ಕಟ್ಟುವಾಗಲೂ ಹುಣಸೆಹಣ್ಣಿನ ಮಾತು ಬರುತ್ತದಂತೆ. ರಾತ್ರಿ ಊಟವಾದ ಮೇಲೆ ರೈಟ್‌ಮೂವ್ ನೋಡುವುದನ್ನು ಮಾತ್ರ ಅವರು ಬಿಟ್ಟಿಲ್ಲ.

ಎಕ್ಸೆಲ್ ಶೀಟ್ ಬೇಕಾದವರು ಸಂಪಾದಕರಿಗೆ ಒಂದು ಸಾಲು ಬರೆಯಿರಿ, ಕಳಿಸಿಕೊಡುತ್ತೇನೆ. ಹಳದಿ ಬಣ್ಣದ ಮನೆಗಳಲ್ಲಿ ನಿಮ್ಮ ಸಂಖ್ಯೆ ತುಂಬಬೇಕು. ಚಿಕ್ಕ ಮಗನಿಗೆ ಈ ಸಲ ಕಾಲಮ್ ಇಟ್ಟಿದ್ದೇನೆ.